ಗೆಣಸು ಮತ್ತು ಆಲೂಗೆಡ್ಡೆ: ಒಂದು ಐತಿಹಾಸಿಕ ವಿವೇಚನೆ

ಮಕರ ಸಂಕ್ರಮಣ ಸಮೀಪಿಸಿತೆಂದರೆ ಬೆಂಗಳೂರಿನ ಗಾಂಧಿಬಜಾರಿನಲ್ಲಿಯೂ ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲಿಯೂ ಕಬ್ಬು, ಅವರೆಕಾಯಿ, ಕಡಲೆಕಾಯಿಗಳೊಡನೆ ಸಿಹಿಗೆಣಸಿನ ರಾಶಿಗಳು ಕಾಣಿಸಿಕೊಳ್ಳುತ್ತವೆ. ಹಬ್ಬ ಕಳೆದ ಮೇಲೆ ಆ ರಾಶಿ ಕರಗುತ್ತದೆ. ಆಲೂಗೆಡ್ಡೆಯಾದರೋ ವರ್ಷವಿಡೀ ಅಂಗಡಿಯಲ್ಲಿರುತ್ತದೆ. ಗೆಣಸು ನಮ್ಮ ನೆಲದ ಬೆಳೆ, ಆಲೂಗೆಡ್ಡೆ ಪರದೇಶದ್ದು. ಆದುದರಿಂದ ಗೆಣಸೇ ಆರೋಗ್ಯಕ್ಕೆ ಹಿತವೆಂದು ಹೇಳುವವರು ಈಗ ಅನೇಕರಿದ್ದಾರೆ. ಈ ಮಾತಿನಲ್ಲಿ ಸತ್ಯಾಂಶವೆಷ್ಟೆಂಬುದನ್ನು ವಾಚಕರು ನಮ್ಮೊಡನೆ ವಿಚಾರಿಸಬೇಕು.

ಚರಿತ್ರೆಯ ದೃಷ್ಟಿಯಿಂದ ಎರಡೂ ಪರದೇಶದವೇ. ಆಲೂಗೆಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಪ್ರದೇಶ. ಸಿಹಿಗೆಣಸಿನದು ಅಮೆರಿಕದ ಉಷ್ಣವಲಯ. 1492ರಲ್ಲಿ ಕೊಲಂಬಸನು ಆ ಭೂಮಿಯನ್ನು ಮುಟ್ಟಿದ ಅನಂತರವೇ ಇವು ಯುರೋಪಿನವರ ಹಡಗುಗಳಲ್ಲಿ ಭಾರತಕ್ಕೆ ಬಂದುವು. ಆದರೂ ಇವು ಒಂದೇ ಕುಲದವಲ್ಲ: ಆಲೂಗೆಡ್ಡೆ ಬದನೆಯ ಬಳಗದ್ದು, ಸಿಹಿಗೆಣಸು ಬಳ್ಳಿಯ ಜಾತಿಯದು. ವಿನೋದವೆಂದರೆ, ಸಿಹಿಗೆಣಸಿನ ಅಮೆರಿಕದ ಹೆಸರಾದ ‘ಬಟಾಟ’ ನಮ್ಮ ಕರಾವಳಿಯಲ್ಲಿ ಆಲೂಗೆಡ್ಡೆಗೆ ಅಂಟಿ ‘ಬಟಾಟೆ’ಯಾಯಿತು. ಸಿಹಿಗೆಣಸಿಗೋ ಕನ್ನಡಿಗರು ಹೆಗ್ಗೆಣಸು ಮೊದಲಾದ ಗೆಡ್ಡೆಗಳಿಗಿದ್ದ ತಮ್ಮ ಹೆಸರನ್ನೇ ಕೊಟ್ಟರು. ಹೆಸರು ನಮ್ಮದಾದುದರಿಂದ ವಸ್ತುವೂ ನಮ್ಮದೆಂಬ ಭಾವನೆ ಬಲಿಯಿತು.

ಇದರಲ್ಲಿ ಆಶ್ಚರ್ಯವಿಲ್ಲ. ಬಸವನಗುಡಿಯಲ್ಲಿ ಕಾರ್ತಿಕದ ಕಡೆಯ ಸೋಮವಾರ ಬಸವಣ್ಣನಿಗೆ ಅರ್ಪಿತವಾಗುವ ಕಡಲೆಕಾಯಿಯೂ ಅದೇ ದಕ್ಷಿಣ ಅಮೆರಿಕದಿಂದ ಬಂದದ್ದಲ್ಲವೆ? ಶಿವರಾತ್ರಿಯ ಉಪವಾಸಕ್ಕೆ ಬೇಯಿಸಿದ ಗೆಣಸು ಸಲ್ಲುತ್ತದೆ. 1943ರಲ್ಲಿ ಗಾಂಧಿಬಜಾರಿನಲ್ಲಿ ಆರಂಭವಾದ ವಿದ್ಯಾರ್ಥಿ ಭವನದ ಮಸಾಲೆ ದೋಸೆಯೊಳಗೆ ಆಲೂಗೆಡ್ಡೆಯ ಪಲ್ಯ ಸಲ್ಲುತ್ತದೆ. ಬಂದವರನ್ನು ಮನೆಯವರನ್ನಾಗಿ ಮಾಡಿಕೊಳ್ಳುವುದು ಈ ನಾಡಿನ ಗುಣ. ಆದುದರಿಂದ ಸ್ವದೇಶಿಯೆಂಬ ಕಾರಣದಿಂದ ಗೆಣಸನ್ನು ಮೇಲೆತ್ತುವುದು ನಿಲ್ಲದು.

ಇನ್ನು ಗುಣದ ವಿಚಾರ. ನೂರು ಗ್ರಾಂ ಹಸಿ ಆಲೂಗೆಡ್ಡೆಯಲ್ಲಿ ಸುಮಾರು 77 ಕ್ಯಾಲೊರಿ, ಗೆಣಸಿನಲ್ಲಿ ಸುಮಾರು 86. ನಾರು ಕ್ರಮವಾಗಿ ಸುಮಾರು 2 ಮತ್ತು 3 ಗ್ರಾಂ. ‘ಸಿ’ ಜೀವಸತ್ವ ಆಲೂಗೆಡ್ಡೆಯಲ್ಲೇ ಹೆಚ್ಚು. ಗೆಣಸಿನ ನಿಜವಾದ ಹಿರಿಮೆಯೆಂದರೆ ಕಣ್ಣಿಗೆ ಹಿತವಾದ ‘ಎ’ ಜೀವಸತ್ವದ ಮೂಲವಸ್ತು. ಆದರೆ ಅದು ಹೇರಳವಾಗಿರುವುದು ಕಿತ್ತಳೆ ಬಣ್ಣದ ತಿರುಳಿನಲ್ಲಿ. ಈ ಬಗೆಯ ಗೆಣಸನ್ನು ಆಫ್ರಿಕದಲ್ಲಿ ಹರಡಿದ ವಿಜ್ಞಾನಿಗಳಿಗೆ 2016ರ ವಿಶ್ವ ಆಹಾರ ಪ್ರಶಸ್ತಿ ಸಂದಿತು. ತಿರುವನಂತಪುರದ ಗೆಡ್ಡೆಬೆಳೆಗಳ ಸಂಶೋಧನಾ ಸಂಸ್ಥೆಯು ‘ಭೂ ಸೋನಾ’ ಎಂಬ ಕಿತ್ತಳೆ ತಳಿಯನ್ನು ನೀಡಿದೆ. ಸಂಕ್ರಾಂತಿಯಲ್ಲಿ ನಾವು ಸಾಮಾನ್ಯವಾಗಿ ಕೊಳ್ಳುವುದು ಹೊರಗೆ ಕೆಂಪು, ಒಳಗೆ ಬಿಳಿಯಾದ ಗೆಣಸು. ಅದರಲ್ಲಿ ಈ ಸತ್ವ ಅತ್ಯಲ್ಪ.

ಪಾಕಕ್ರಮವೂ ಮುಖ್ಯ. ನೀರಿನಲ್ಲಿ ಬೇಯಿಸಿದ ಗೆಣಸಿಗಿಂತ ಸುಟ್ಟ ಗೆಣಸು ರಕ್ತದಲ್ಲಿ ಸಕ್ಕರೆಯನ್ನು ಬೇಗ ಏರಿಸುತ್ತದೆ. ಮಧುಮೇಹವುಳ್ಳವರು ಗೆಣಸು ತಿಂದ ದಿನ ಆ ಮಟ್ಟಿಗೆ ಅನ್ನವನ್ನು ಕಡಿಮೆ ಮಾಡಬೇಕೇ ಹೊರತು ಅದನ್ನು ಅನ್ನದ ಮೇಲಿನ ತಿಂಡಿಯಾಗಿ ಎಣಿಸಬಾರದು. ಎಣ್ಣೆಯಲ್ಲಿ ಕರಿದರೆ ಗೆಣಸೂ ಆಲೂಗೆಡ್ಡೆಯೂ ಒಂದೇ. ಉಪವಾಸದ ಹೆಸರಿನಲ್ಲಿ ಕರಿದುದಕ್ಕೂ ರಿಯಾಯಿತಿಯಿಲ್ಲ.

ಹಾಗಾದರೆ ಗೆಣಸು ಬೇಡವೆ? ಅವಶ್ಯವಾಗಿ ಬೇಕು. ಸಿಪ್ಪೆಯೊಡನೆ ಚೆನ್ನಾಗಿ ತೊಳೆದು ಬೇಯಿಸಿ, ಬೆಲ್ಲ ಬೆರೆಸದೆ, ಮಿತವಾಗಿ, ಹಬ್ಬವಲ್ಲದ ದಿನಗಳಲ್ಲಿಯೂ ತಿನ್ನೋಣ. ಕಿತ್ತಳೆ ತಿರುಳಿನದು ದೊರೆತರೆ ಮಕ್ಕಳಿಗೆ ಮೊದಲು ಕೊಡೋಣ. ಆಲೂಗೆಡ್ಡೆಯನ್ನು ದೂಷಿಸಿ ಗೆಣಸನ್ನು ಹೊಗಳಬೇಕಾಗಿಲ್ಲ. ಯಾವ ಗೆಡ್ಡೆಯಾದರೂ ಅದು ಹುಟ್ಟಿದ ಊರಿನಿಂದಲ್ಲ, ತಿನ್ನುವವನ ವಿವೇಕದಿಂದ ಪಥ್ಯವಾಗುತ್ತದೆ.