ಹ್ಯಾಂಡಲ್ ಹೋಯ್ತು, ಥಂಡಿ ಬಂತು: ಕಾರ್ ಬ್ಯಾಟರಿಯ ಒಂದು ಚರಿತ್ರೆ

ನಮ್ಮ ಬೀದರ್ ಕಡೆ ದೀಪಾವಳಿ ಮುಗಿಯುತ್ತಿದ್ದ ಹಾಗೆ ಗ್ಯಾರೇಜುಗಳಲ್ಲಿ ಒಂದು ಮಾತು ಶುರುವಾಗುತ್ತದೆ. "ಕಾಕಾ, ಥಂಡಿ ಬರ್ಲತ್ತದ, ಬ್ಯಾಟರಿ ಒಮ್ಮೆ ನೋಡಸ್ರಿ." ಬೀದರಿನಲ್ಲಿ ಕೇಳಿ, ಭಾಲ್ಕಿಯಲ್ಲಿ ಕೇಳಿ, ಔರಾದದಲ್ಲಿ ಕೇಳಿ, ಮಿಸ್ತ್ರಿಗಳು ಹೇಳುವುದು ಇದನ್ನೇ. ನನ್ನ ಗಾಡಿಯ ಬ್ಯಾಟರಿಗೆ ಈ ಕಾರ್ತಿಕಕ್ಕೆ ನಾಲ್ಕು ವರ್ಷ ತುಂಬಿತು. ಬದಲಿಸಬೇಕೋ, ಇನ್ನೊಂದು ವರ್ಷ ತಳ್ಳಬೇಕೋ ಅಂತ ಯೋಚಿಸುತ್ತಾ ಕೂತಾಗ ಈ ಮಾತಿನ ಬೆನ್ನು ಹತ್ತಿದೆ.

ಯಾಕೆಂದರೆ, ಚಳಿಗಾಲಕ್ಕೆ ಮುಂಚೆ ಬ್ಯಾಟರಿ ಬದಲಿಸು ಅನ್ನುವುದು ಹಿಮ ಬೀಳುವ ದೇಶಗಳ ಬುದ್ಧಿಮಾತು. ನಮ್ಮಲ್ಲಿ ಹಿಮ ಎಲ್ಲಿದೆ? ಕರ್ನಾಟಕದ ಬಯಲುಸೀಮೆಯಲ್ಲಿ ಬೀದರಿನ ಚಳಿ ಜೋರು, ಖರೆ. ಡಿಸೆಂಬರ್, ಜನವರಿಯ ಕೆಲವು ರಾತ್ರಿ ಹತ್ತು ಡಿಗ್ರಿಗಿಂತ ಕೆಳಗೂ ಇಳಿಯುತ್ತದೆ. ಆದರೂ ನೀರು ಹೆಪ್ಪುಗಟ್ಟುವ ಊರಲ್ಲ ಇದು. ಹಾಗಾದರೆ ಮಿಸ್ತ್ರಿಯ ಮಾತು ಬರೀ ವ್ಯಾಪಾರವೋ, ಅದರಲ್ಲಿ ಹುರುಳಿದೆಯೋ? ಇದಕ್ಕೆ ಉತ್ತರ ಬೇಕೆಂದರೆ ಬ್ಯಾಟರಿಯ ಕಥೆಯನ್ನು ಮೊದಲಿನಿಂದ ನೋಡಬೇಕು. ಮೊದಲು ಅಂದರೆ ನಮ್ಮೂರಿನಿಂದಲೇ ಶುರು ಮಾಡೋಣ :-)

ಬಿದರಿ ಕೆಲಸ ಎಲ್ಲರಿಗೂ ಗೊತ್ತು. ಬಹಮನಿ ಸುಲ್ತಾನ ಅಹ್ಮದ್ ಶಾ 1430ರ ಆಸುಪಾಸಿನಲ್ಲಿ ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದ. ಆ ರಾಜಮನೆತನದ ಆಸರೆಯಲ್ಲಿ ಬೆಳೆದ ಕಲೆ ಇದು. ಪಾತ್ರೆಯ ಮೈ ಬಹುಪಾಲು ಸತು, ಅದರಲ್ಲಿ ಸ್ವಲ್ಪ ತಾಮ್ರ. ನಕ್ಷೆ ಬರೆಯುವ ಮೊದಲು ಗೀಟು ಕಾಣಲಿ ಅಂತ ಮೈಮೇಲೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಬೆಳ್ಳಿ ಕೂಡಿಸಿ ಮುಗಿದ ಮೇಲೆ, ಬೀದರ್ ಕೋಟೆಯ ಹಳೇ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ.

ಈಗ ಯುರೋಪಿನ ಕಡೆ ನೋಡಿ. ಇಟಲಿಯ ವೋಲ್ಟಾ 1800ರಲ್ಲಿ ಸತು ಮತ್ತು ಇನ್ನೊಂದು ಲೋಹದ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ನಡುವೆ ಉಪ್ಪುನೀರಿನಲ್ಲಿ ನೆನೆಸಿದ ತುಂಡುಗಳನ್ನಿಟ್ಟು ವಿದ್ಯುತ್ ಹರಿಸಿದ. 1836ರಲ್ಲಿ ಇಂಗ್ಲೆಂಡಿನ ಡೇನಿಯಲ್ ಮಾಡಿದ ಕೋಶದಲ್ಲಿ ಇದ್ದದ್ದು ಸತು, ತಾಮ್ರ ಮತ್ತು ಮೈಲುತುತ್ತ. 1866ರಲ್ಲಿ ಫ್ರಾನ್ಸಿನ ಲೆಕ್ಲಾಂಷೆ ಮಾಡಿದ್ದರಲ್ಲಿ ಸತು ಮತ್ತು ನವಸಾಗರ. ಟಾರ್ಚ್ ಸೆಲ್ಲಿನ ಅಜ್ಜ ಅದೇ. ಅಂದರೆ ನಮ್ಮ ಬಿದರಿ ಕಾರ್ಖಾನೆಯ ಕಟ್ಟೆ ಮೇಲೆ ಶತಮಾನಗಳಿಂದ ಇದ್ದ ಸಾಮಾನುಗಳೇ ಅವು. ಇಲ್ಲಿಯವರು ಬ್ಯಾಟರಿ ಕಂಡುಹಿಡಿದಿದ್ದರು ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಹಬ್ಬಿಸಬೇಡಿ! ಲೋಹ ಮತ್ತು ಉಪ್ಪು ಸೇರಿದರೆ ಏನೋ ಆಗುತ್ತದೆ ಅನ್ನುವುದು ನಮ್ಮ ಕುಶಲಕರ್ಮಿಗಳ ಕೈಗೆ ಗೊತ್ತಿತ್ತು, ಅಷ್ಟೇ. ಅವರಿಗೆ ಬೇಕಿದ್ದದ್ದು ಬಣ್ಣ, ವೋಲ್ಟಾನಿಗೆ ಬೇಕಿದ್ದದ್ದು ಕರೆಂಟು.

ಈ ಕೋಶಗಳಿಗೆಲ್ಲ ಒಂದೇ ಕೊರತೆ. ಸತು ಕರಗಿ ಮುಗಿದರೆ ಕಥೆ ಮುಗಿಯಿತು, ಎಸೆಯಬೇಕು. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಸೀಸದ ಎರಡು ತಗಡುಗಳನ್ನು ನಡುವೆ ಪಟ್ಟಿ ಇಟ್ಟು ಚಾಪೆಯಂತೆ ಸುತ್ತಿ, ತೆಳು ಗಂಧಕಾಮ್ಲದಲ್ಲಿ ಮುಳುಗಿಸಿದ. ಇದನ್ನು ಖಾಲಿ ಮಾಡಿ ಮತ್ತೆ ತುಂಬಬಹುದಿತ್ತು. ತಮಾಷೆ ಏನೆಂದರೆ ಆಗ ತುಂಬಲು ಡೈನಮೋನೇ ಇರಲಿಲ್ಲ! ಹಳೇ ಕೋಶಗಳಿಂದಲೇ ಇದಕ್ಕೆ ಕರೆಂಟು ಕುಡಿಸಬೇಕಿತ್ತು. ಗ್ರಾಮ್‌ನ ಡೈನಮೋ ಬಂದದ್ದು 1871ರಲ್ಲಿ. 1881ರಲ್ಲಿ ಕಮೀಲ್ ಫೋರ್ ಸೀಸದ ಮೇಲೆ ಸೀಸದ ಆಕ್ಸೈಡಿನ ಲೇಪ ಬಳಿಯುವ ಉಪಾಯ ಮಾಡಿದ. ಅದೇ ಹೊತ್ತಿಗೆ ಜಾಳಿಗೆಯಂಥ ಚೌಕಟ್ಟು ಬಂತು. ಇವತ್ತು ನಿಮ್ಮ ಕಾರಿನಲ್ಲಿರುವುದು ಬಹುಮಟ್ಟಿಗೆ ಅದೇ ವಸ್ತು. 1859ರ ಯಾವ ಯಂತ್ರ ಇಷ್ಟು ಕಡಿಮೆ ಬದಲಾಗಿ ಇನ್ನೂ ಮನೆಮನೆಯಲ್ಲಿದೆ ಹೇಳಿ?

ಇರಲಿ, ಕಾರಿಗೆ ಬರೋಣ. ಮೊದಮೊದಲು ಪೆಟ್ರೋಲ್ ಕಾರು ಶುರು ಮಾಡಲು ಮುಂದೆ ನಿಂತು ಹ್ಯಾಂಡಲ್ ತಿರುಗಿಸಬೇಕಿತ್ತು. ಎಂಜಿನ್ ತಿರುಗಿ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಆಗ ಬ್ಯಾಟರಿ ಕಾರುಗಳೇ ಸುಖ ಅನ್ನುವವರಿದ್ದರು. 1899ರಲ್ಲಿ ಗಂಟೆಗೆ ನೂರು ಕಿಲೋಮೀಟರ್ ವೇಗ ದಾಟಿದ ಮೊದಲ ಕಾರು ಪೆಟ್ರೋಲಿನದಲ್ಲ, ಸೀಸದ ಬ್ಯಾಟರಿಯದು, ಯೆನಾಟ್ಜಿ ಅನ್ನುವ ಬೆಲ್ಜಿಯಂನವನದು. ಆ ಆಟ ಕೆಡಿಸಿದ್ದು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವನು ಮೊದಲು ಅಂಗಡಿಗಳ ಕ್ಯಾಶ್ ರಿಜಿಸ್ಟರಿಗೆ ಪುಟ್ಟ ಮೋಟರು ಮಾಡಿದವನು. ಡ್ರಾಯರ್ ತೆಗೆಯುವ ಮೋಟರಿಗೆ ದಿನವಿಡೀ ದುಡಿಯುವ ಶಕ್ತಿ ಬೇಕಿಲ್ಲ, ಒಂದು ಕ್ಷಣ ಜೋರು ಬಂದರೆ ಸಾಕು. ಎಂಜಿನ್ ತಿರುಗಿಸಲಿಕ್ಕೂ ಅಷ್ಟೇ ಸಾಕು ಅಂತ ಹೊಳೆಯಿತು. 1912ರ ಕ್ಯಾಡಿಲಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಬಂತು. ನಮ್ಮ ಮಿಸ್ತ್ರಿಗಳು ಇಂದಿಗೂ "ಸೆಲ್ಫ್ ಹೊಡೀರಿ", "ಸೆಲ್ಫ್ ತಗೋಳಲ್ದು" ಅನ್ನುವುದು ಅಲ್ಲಿಂದ ಬಂದ ಮಾತು. ಪೆಟ್ರೋಲ್ ಕಾರನ್ನು ಗೆಲ್ಲಿಸಿದ್ದು ಬ್ಯಾಟರಿಯೇ ಅನ್ನುವುದು ಚರಿತ್ರೆಯ ವ್ಯಂಗ್ಯ.

ಹೊಸ ಚಿಂತೆ ಹುಟ್ಟಿದ್ದೂ ಅಲ್ಲೇ. ಮಿಷಿಗನ್, ಸ್ವೀಡನ್ ಥರದ ಕಡೆ ಶೂನ್ಯಕ್ಕಿಂತ ಹತ್ತಿಪ್ಪತ್ತು ಡಿಗ್ರಿ ಕೆಳಗೆ ಹೋದಾಗ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ, ಅದರ ಬಲ ಅರ್ಧಕ್ಕಿಳಿಯುತ್ತದೆ. ಅದೇ ಹೊತ್ತಿಗೆ ಎಂಜಿನ್ ಆಯಿಲ್ ಗಟ್ಟಿಯಾಗಿ, ತಿರುಗಿಸಲು ಎರಡು ಪಟ್ಟು ಬಲ ಬೇಕಾಗುತ್ತದೆ. ಖಾಲಿಯಾದ ಬ್ಯಾಟರಿಯ ಆಮ್ಲ ಹೆಪ್ಪುಗಟ್ಟಿ ಡಬ್ಬಿ ಒಡೆಯುವುದೂ ಉಂಟು. "ಚಳಿಗೆ ಮುಂಚೆ ಬದಲಿಸು" ಅನ್ನುವ ಮಾತು ಹುಟ್ಟಿದ್ದು ಅಂಥ ಊರುಗಳಲ್ಲಿ.

ನಮ್ಮ ಕಡೆ ಮೋಟರು ಬಂದದ್ದು ನಿಜಾಮರ ಕಾಲದಲ್ಲಿ. ನಿಜಾಮ ಸರ್ಕಾರದ ರೈಲ್ವೆಯ ರಸ್ತೆ ಸಾರಿಗೆ ವಿಭಾಗ 1932ರ ಜೂನಿನಲ್ಲಿ 27 ಬಸ್ಸುಗಳಿಂದ ಆರಂಭವಾಯಿತು. ಬೀದರ್ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತಕ್ಕೆ ಸೇರಿತು, 1956ರ ನವೆಂಬರ್ 1ರಂದು ಬೀದರ್, ಭಾಲ್ಕಿ, ಔರಾದ ಮೈಸೂರು ರಾಜ್ಯಕ್ಕೆ ಬಂದವು. ರಾಜ್ಯ ಬದಲಾದರೂ ಗ್ಯಾರೇಜಿನ ಮಾತು ಬದಲಾಗಲಿಲ್ಲ. ಆಮ್ಲಕ್ಕೆ ತೇಜಾಬು, ಸೀಸಕ್ಕೆ ಸೀಸಾ, ದೂಡುವುದಕ್ಕೆ ಧಕ್ಕಾ. ಬ್ಯಾಟರಿ ಕಾರ್ಖಾನೆ ದೇಶದಲ್ಲಿ ಆಗಲೇ ಇತ್ತು. ಈಗ ಎಕ್ಸೈಡ್ ಅಂತ ಕರೆಯುವ ಕಂಪನಿಯ ಮೂಲ, 1940ರ ದಶಕದಲ್ಲಿ ಬಂಗಾಳದ ಶ್ಯಾಮನಗರದಲ್ಲಿ ಎದ್ದ ಕಾರ್ಖಾನೆ. ತಿರುಪತಿ ಬಳಿಯ ಅಮರ ರಾಜ ಶುರುವಾದದ್ದು 1985ರಲ್ಲಿ.

ಆ ಕಾಲದ ಅಂಬಾಸಡರ್, ಜೀಪುಗಳಿಗೆ ಮುಂದೆ ಹ್ಯಾಂಡಲ್ ತೂರಿಸುವ ತೂತು ಇರುತ್ತಿತ್ತು. ಬ್ಯಾಟರಿ ಕೈಕೊಟ್ಟರೆ ಎರಡು ಸುತ್ತು ಹೊಡೆದರೆ ಆಯಿತು. ಅದೂ ಆಗದಿದ್ದರೆ ನಾಲ್ಕು ಜನ ಧಕ್ಕಾ ಕೊಡುತ್ತಿದ್ದರು. ಹಳ್ಳಿಯಲ್ಲಿ ವಸ್ತಿ ನಿಲ್ಲುವ ಬಸ್ಸಿನ ಡ್ರೈವರುಗಳು ಇಳಿಜಾರು ನೋಡಿ ಗಾಡಿ ನಿಲ್ಲಿಸುತ್ತಿದ್ದದ್ದು ಇದಕ್ಕೇ. ಕಾರು ಎತ್ತಲಾಗದ ಬ್ಯಾಟರಿಗೂ ನಿವೃತ್ತಿ ಇರಲಿಲ್ಲ. ಕರೆಂಟಿಲ್ಲದ ಹಳ್ಳಿಗಳಲ್ಲಿ ಅದರ ಮೇಲೆ ಬ್ಲ್ಯಾಕ್ ಅಂಡ್ ವೈಟ್ ಟಿವಿ ಓಡುತ್ತಿತ್ತು. 1987ರಲ್ಲಿ ಶುರುವಾದ ರಾಮಾಯಣ ಧಾರಾವಾಹಿಯನ್ನು ಎಷ್ಟೋ ಊರುಗಳು ನೋಡಿದ್ದು ಟ್ರ್ಯಾಕ್ಟರ್, ಜೀಪುಗಳ ಬ್ಯಾಟರಿಯಿಂದಲೇ. ಹಾಗಾಗಿ ಬ್ಯಾಟರಿಯನ್ನು ಯಾವಾಗ ಬದಲಿಸಬೇಕು ಅನ್ನುವುದು ಆಗ ದೊಡ್ಡ ಪ್ರಶ್ನೆಯೇ ಅಲ್ಲ. ಪೂರ್ತಿ ಸತ್ತಾಗ ಬದಲಿಸಿದರಾಯಿತು!

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಹ್ಯಾಂಡಲ್ ಹೋಯಿತು. 2000ದ ನಂತರದ ಕಾರುಗಳಲ್ಲಿ ಪೆಟ್ರೋಲ್ ಪಂಪು, ಎಂಜಿನ್ ನಡೆಸುವ ಕಂಪ್ಯೂಟರ್ ಎಲ್ಲ ಬ್ಯಾಟರಿಯನ್ನೇ ನಂಬಿ ಕೂತಿವೆ. ಬ್ಯಾಟರಿ ಪೂರ್ತಿ ಇಳಿದಿದ್ದರೆ ಇಡೀ ಓಣಿ ಬಂದು ದಬ್ಬಿದರೂ ಶುರುವಾಗುವುದಿಲ್ಲ. ಆಟೋಮ್ಯಾಟಿಕ್ ಗೇರಿನ ಗಾಡಿಗಂತೂ ಧಕ್ಕಾ ಅನ್ನುವುದೇ ಇಲ್ಲ. ದಬ್ಬಿ ಶುರುವಾದರೂ ಉರಿಯದ ಪೆಟ್ರೋಲು ಸೈಲೆನ್ಸರಿನ ಕನ್ವರ್ಟರಿಗೆ ಹೋಗಿ ಕೆಡಿಸಬಹುದು, ಅದರ ಬೆಲೆಯಲ್ಲಿ ಎಷ್ಟೋ ಬ್ಯಾಟರಿ ಬರುತ್ತವೆ. ಅಜ್ಜಂದಿರಿಗೆ ಇದ್ದ ಎರಡನೇ ದಾರಿ ನಮಗಿಲ್ಲ. ಔರಾದ ತಾಲ್ಲೂಕು ಕರ್ನಾಟಕದ ತುತ್ತತುದಿ. ಅಲ್ಲಿನ ಒಂದು ಹಳ್ಳಿಯಲ್ಲಿ ಜನವರಿಯ ಬೆಳಗಿನ ಜಾವ ಮನೆಯ ಹಿರಿಯರಿಗೆ ಎದೆನೋವು ಬಂತು ಅಂದುಕೊಳ್ಳಿ. ಬೀದರಿನ ದೊಡ್ಡಾಸ್ಪತ್ರೆ ನಲವತ್ತು, ಐವತ್ತು ಕಿಲೋಮೀಟರ್. ಕೀಲಿ ತಿರುಗಿಸಿದಾಗ ಬರೀ ಟಿಕ್ ಟಿಕ್ ಅಂದರೆ? ಆ ಹೊತ್ತಿಗೆ ಉಳಿಸಿದ ಐದಾರು ಸಾವಿರ ರೂಪಾಯಿ ಯಾವ ಲೆಕ್ಕಕ್ಕೆ?

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ಹತ್ತು ಡಿಗ್ರಿಯ ಥಂಡಿ ಒಳ್ಳೆಯ ಬ್ಯಾಟರಿಯನ್ನು ಕೊಲ್ಲುವುದಿಲ್ಲ. ಕೊಲ್ಲುವುದು ನಮ್ಮ ಬೇಸಿಗೆ. ಸ್ವೀಡನ್ನಿನ ಆರೇನಿಯಸ್ ಎಂಬ ವಿಜ್ಞಾನಿ 1889ರಲ್ಲಿ ಶಾಖ ಮತ್ತು ರಾಸಾಯನಿಕ ಕ್ರಿಯೆಯ ವೇಗದ ಸಂಬಂಧವನ್ನು ಸೂತ್ರದಲ್ಲಿ ಹಿಡಿದ. ಅದರಿಂದ ಬಂದ ಅಂದಾಜು ಲೆಕ್ಕ ಏನೆಂದರೆ, ಶಾಖ ಹತ್ತು ಡಿಗ್ರಿ ಏರಿದರೆ ಬ್ಯಾಟರಿಯ ಆಯುಸ್ಸು ಅರ್ಧ. ಮೇ ತಿಂಗಳಲ್ಲಿ ಹೊರಗೆ ನಲವತ್ತು ಇದ್ದಾಗ ಬಾನೆಟ್ಟಿನೊಳಗೆ ಎಷ್ಟಿರುತ್ತದೆ ಊಹಿಸಿ. ಸೀಸದ ಜಾಳಿಗೆ ತುಕ್ಕು ಹಿಡಿಯುತ್ತದೆ, ನೀರು ಆರುತ್ತದೆ, ಲೇಪ ಉದುರುತ್ತದೆ. ಆದರೆ ಬೇಸಿಗೆಯಲ್ಲಿ ಆಯಿಲ್ ತೆಳು, ಎಂಜಿನ್ ಸಲೀಸು, ಆದ್ದರಿಂದ ಗಾಯ ಗೊತ್ತಾಗುವುದಿಲ್ಲ. ಎಳ್ಳಮಾಸಿ ಹೊತ್ತಿಗೆ, ಭಜ್ಜಿ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೊರಟಾಗ, ಬ್ಯಾಟರಿಯ ಬಲ ತುಸು ಕಮ್ಮಿ, ಆಯಿಲ್ ತುಸು ಗಟ್ಟಿ. ಅದಾಗಲೇ ಅಂಚಿನಲ್ಲಿದ್ದ ಬ್ಯಾಟರಿ ಅಲ್ಲಿಗೆ ಬೀಳುತ್ತದೆ. ಗಾಯ ಮೇ ತಿಂಗಳದ್ದು, ಹೆಸರು ಥಂಡಿಯದ್ದು!

ಹಾಗಾಗಿ ಮಿಸ್ತ್ರಿಯ ಮಾತು ಸರಿ, ಕಾರಣ ಮಾತ್ರ ಬೇರೆ. ದೀಪಾವಳಿ ಅಂದರೆ ಬೇಸಿಗೆಯ ಪೆಟ್ಟು ಬಿದ್ದು ಮುಗಿದ, ಥಂಡಿಯ ಪರೀಕ್ಷೆ ಇನ್ನೂ ಶುರುವಾಗದ ಹೊತ್ತು. ಆಗ ನೋಡಬೇಕಾದದ್ದು ಇಷ್ಟು.

ಒಂದು, ವಯಸ್ಸು. ನಮ್ಮ ಬಿಸಿಲಿಗೆ ಮೂರರಿಂದ ಐದು ವರ್ಷ ಬಂದರೆ ಪುಣ್ಯ. ಮೂರು ದಾಟಿದ ಮೇಲೆ ಪ್ರತಿವರ್ಷ ತಪಾಸಣೆ.

ಎರಡು, ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಯನ್ನು ಬೆಳಿಗ್ಗೆ ಮೀಟರ್ ಹಿಡಿದು ನೋಡುವುದು. 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಅಂದರೆ ಅರ್ಧ. ಕಮ್ಮಿ ಇದ್ದ ಮಾತ್ರಕ್ಕೆ ಸತ್ತಿದೆ ಅಂತಲ್ಲ, ಚಾರ್ಜಿಗೆ ಹಾಕಿ ಮತ್ತೆ ನೋಡಬೇಕು. ತುಂಬಿಸಿದ ಮೇಲೂ ಒಂದೆರಡು ದಿನದಲ್ಲೇ ಇಳಿದರೆ ಅನುಮಾನ.

ಮೂರು, ಸೆಲ್ಫ್ ಹೊಡೆಯುವಾಗಿನ ವೋಲ್ಟ್. ತುಂಬಿದ ಬ್ಯಾಟರಿ ಆಗ 10ಕ್ಕಿಂತ ಕೆಳಗೆ ಕುಸಿದರೆ ದಿನ ಹತ್ತಿರ ಬಂತು ಅಂತ ಅರ್ಥ.

ನಾಲ್ಕು, ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು. ಇಲ್ಲದಿದ್ದರೆ ತಪ್ಪು ಡೈನಮೋದ್ದೋ, ಬೆಲ್ಟಿನದೋ ಇರಬಹುದು. ಹೊಸ ಬ್ಯಾಟರಿ ಹಾಕಿದರೂ ಅದೇ ಗತಿ.

ಐದು, ಮುಚ್ಚಳ ತೆಗೆಯುವಂಥದ್ದಾದರೆ ಹೈಡ್ರೋಮೀಟರ್ ಹಾಕಿಸಿ. ಆರು ಮನೆಗಳಲ್ಲಿ ಒಂದು ಮಾತ್ರ ಬಹಳ ಕೆಳಗಿದ್ದರೆ ಉಳಿದ ಐದು ಚೆನ್ನಾಗಿದ್ದೂ ಉಪಯೋಗವಿಲ್ಲ.

ನನ್ನದಕ್ಕೆ ನಾಲ್ಕು ವರ್ಷ, ಚಾರ್ಜ್ ಮಾಡಿದ ಮರುದಿನ 12.3, ಸೆಲ್ಫ್ ಹೊಡೆದಾಗ 9.4. ಎಂಜಿನ್ ಓಡುವಾಗ 14.2, ಅಂದರೆ ಡೈನಮೋ ಸರಿಯಿದೆ. ಓಡಾಟ ಹೆಚ್ಚಾಗಿ ಬೀದರ್ ಪೇಟೆಯೊಳಗೆ, ಚೌಬಾರಾದಿಂದ ಮನೆ, ಮನೆಯಿಂದ ಚೌಬಾರಾ. ಇಷ್ಟು ಸಣ್ಣ ಓಡಾಟದಲ್ಲಿ ಖರ್ಚಾದದ್ದು ವಾಪಸ್ ತುಂಬುವುದಿಲ್ಲ. ವಾರಕ್ಕೊಮ್ಮೆ ಭಾಲ್ಕಿಗೆ ಹೋಗಿ ಬರುವುದರಿಂದಲೇ ಇಷ್ಟು ದಿನ ಬಾಳಿದೆ. ಮನೆಯಲ್ಲಿ ವಯಸ್ಸಾದವರಿದ್ದಾರೆ. ಲೆಕ್ಕ ಸ್ಪಷ್ಟ, ಈ ವಾರ ಹೊಸದು ಹಾಕಿಸುತ್ತಿದ್ದೇನೆ. ಇದೇ ಬ್ಯಾಟರಿ 12.6 ತೋರಿಸಿ, 10ರ ಮೇಲೆ ನಿಂತಿದ್ದರೆ ಯಾರು ಹೆದರಿಸಿದರೂ ಮುಂದಿನ ದೀಪಾವಳಿಯ ತನಕ ಓಡಿಸುತ್ತಿದ್ದೆ.

ಅಂದ ಹಾಗೆ, ಹಳೆಯದನ್ನು ಗುಜರಿಗೆ ಹಾಕಬೇಡಿ. ಸೀಸ ವಿಷ, ಅದರಲ್ಲೂ ಮಕ್ಕಳ ಮಿದುಳಿಗೆ. ಓಣಿಯಲ್ಲಿ ಒಡೆದು ಕರಗಿಸಿದರೆ ಹೊಗೆ, ಬೂದಿ ಎಲ್ಲ ಅಕ್ಕಪಕ್ಕದ ಮನೆಗೇ. 2001ರ ನಿಯಮದಿಂದಲೇ ಅಂಗಡಿಯವರು ಹಳೆಯದನ್ನು ವಾಪಸ್ ತೆಗೆದುಕೊಳ್ಳಬೇಕಿತ್ತು. 2022ರ ನಿಯಮ ಬಂದ ಮೇಲೆ ಅದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರ ಮೇಲಿದೆ. ಬಿಲ್ಲಿನಲ್ಲಿ ಹಳೆಯದರ ಬೆಲೆ ಕಳೆದುಕೊಡುತ್ತಾರೆ, ಕೇಳಿ ಪಡೆಯಿರಿ. ಆ ಸೀಸ ಕರಗಿ ಮತ್ತೊಂದು ಬ್ಯಾಟರಿಯಾಗುತ್ತದೆ.

ನಿಮ್ಮ ಕಡೆ ಹೇಗೆ? ಮಡಿಕೇರಿ, ಚಿಕ್ಕಮಗಳೂರಿನ ಗೆಳೆಯರ ಗಾಡಿಗಳು ಚಳಿಯಲ್ಲಿ ಏನು ಮಾಡುತ್ತವೆ, ರಾಯಚೂರಿನ ಬಿಸಿಲಲ್ಲಿ ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ? ಗೊತ್ತಿದ್ದವರು ಬರೆಯಿರಿ, ಬೀದರಿನ ಲೆಕ್ಕದ ಜತೆ ಹೋಲಿಸಿ ನೋಡೋಣ.