ಒಡಹುಟ್ಟಿದವರೂ ನ್ಯಾಯಸ್ಥಾನವೂ

‘ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು’ ಎಂಬುದು ನಮ್ಮಲ್ಲಿ ರೂಢಿಯ ಮಾತು. ಆಸ್ತಿಪಾಸ್ತಿಯುಳ್ಳ ಮನೆಗಳನ್ನು ಕಂಡು ಹುಟ್ಟಿದ ಗಾದೆ ಅದು. ತಾಯಿತಂದೆಯರ ಆಸರೆ ತಪ್ಪಿ ಸರ್ಕಾರದ ಪಾಲನೆಗೆ ಬಂದ ಮಕ್ಕಳಿಗಾದರೋ ಒಡಹುಟ್ಟಿದವರೇ ಉಳಿದಿರುವ ಆಸ್ತಿ. ಅಂಥವರನ್ನು ಪರರ ಮನೆಯಲ್ಲಿ ದೀರ್ಘಕಾಲ ಇರಿಸಬೇಕಾದಾಗ ಒಟ್ಟಿಗೆ ಇಡಬೇಕೆ, ಅಗಲಿಸಬೇಕೆ? ಇಟ್ಟ ಮೇಲೆ ಅವರ ಯೋಗಕ್ಷೇಮ ವಿಚಾರಿಸುವವರು ಯಾರು? ಬ್ರಿಟನ್ ದೇಶ ದುಬಾರಿ ಬೆಲೆ ತೆತ್ತು ಈ ಪಾಠವನ್ನು ಕಲಿಯಿತು.

ವೇಲ್ಸ್ ಪ್ರಾಂತದ ನ್ಯೂಪೋರ್ಟ್ ಪಟ್ಟಣದ ಬಾಲ ನ್ಯಾಯಾಲಯವು 1940ರಲ್ಲಿ ಓನೀಲ್ ಎಂಬ ಬಡ ಕುಟುಂಬದ ಮಕ್ಕಳನ್ನು, ಮನೆಯಲ್ಲಿ ತಕ್ಕ ಪಾಲನೆಯಿಲ್ಲವೆಂದು, ಪುರಸಭೆಯ ವಶಕ್ಕೆ ಒಪ್ಪಿಸಿತು. 1933ರ ಕಾಯಿದೆಯ ಪ್ರಕಾರ ಮಗುವನ್ನು ‘ಯೋಗ್ಯ ವ್ಯಕ್ತಿ’ಗೆ ಒಪ್ಪಿಸುವ ಅಧಿಕಾರ ನ್ಯಾಯಾಲಯಕ್ಕಿತ್ತು, ಪುರಸಭೆಯೂ ಅಂಥ ಒಂದು ‘ವ್ಯಕ್ತಿ’ಯೇ. ಆಜ್ಞೆಯಾದ ಬಳಿಕ ಮಕ್ಕಳನ್ನು ಯಾರ ಮನೆಯಲ್ಲಿ ಬಿಡಬೇಕೆಂಬುದು ಕಚೇರಿಯ ಕೆಲಸ.

1944ರ ಬೇಸಗೆಯಲ್ಲಿ ಹನ್ನೆರಡರ ಡೆನಿಸ್, ಒಂಬತ್ತರ ಟೆರೆನ್ಸ್ ಇಬ್ಬರೂ ಶ್ರಾಪ್‌ಷೈರಿನ ಒಬ್ಬ ರೈತನ ಮನೆ ಸೇರಿದರು. ಅಣ್ಣತಮ್ಮಂದಿರು ಜೊತೆಯಲ್ಲಿದ್ದರು, ನಿಜ. ಆದರೆ ಹೊಟ್ಟೆಗೆ ಅನ್ನವಿಲ್ಲ, ಮೈತುಂಬ ಪೆಟ್ಟು. ಹೊಣೆ ಹೊತ್ತ ಪುರಸಭೆ ಒಂದು ಕಡೆ, ಮಕ್ಕಳಿದ್ದ ಜಿಲ್ಲೆ ಇನ್ನೊಂದು ಕಡೆ. ಹೋಗಿ ನೋಡಬೇಕಾದವರು ಯಾರೆಂಬುದೇ ಗೊಂದಲ. ಡಿಸೆಂಬರಿನಲ್ಲಿ ಪುರಸಭೆಯ ಮಹಿಳಾ ನೌಕರರೊಬ್ಬರು ಕಣ್ಣಾರೆ ಕಂಡು, ಮಕ್ಕಳನ್ನು ಅಲ್ಲಿಂದ ತೆಗೆಯಬೇಕೆಂದು ವರದಿ ಮಾಡಿದರು. ಅದರ ಮೇಲೆ ಕ್ರಮ ಜರುಗುವ ಮೊದಲೇ, 1945ರ ಜನವರಿ 9ರಂದು, ಡೆನಿಸ್ ಸತ್ತುಹೋದ.

ಮಾರ್ಚಿಯಲ್ಲಿ ಸ್ಟಾಫರ್ಡಿನಲ್ಲಿ ವಿಚಾರಣೆ ನಡೆಯಿತು. ಸಾಕ್ಷಿಯ ಕಟಕಟೆ ಏರಿ ನಡೆದುದನ್ನು ಹೇಳಿದವನು ಟೆರೆನ್ಸ್. ಆಗ ಅವನಿಗೆ ಹತ್ತು ವರ್ಷ. ರೈತನಿಗೆ ಆರು ವರ್ಷ, ಅವನ ಹೆಂಡತಿಗೆ ಆರು ತಿಂಗಳು ಸೆರೆವಾಸವಾಯಿತು. ತಮ್ಮ ಜೊತೆಗಿದ್ದುದರಿಂದ ಅಣ್ಣನ ಜೀವ ಉಳಿಯಲಿಲ್ಲ. ಆದರೆ ನಾಲ್ಕು ಗೋಡೆಗಳ ನಡುವಿನ ಸಂಗತಿ ಲೋಕಕ್ಕೆ ತಿಳಿಯಿತು.

ದೇಶವೆಲ್ಲ ಕಳವಳಗೊಂಡಿತು. ಹೈದರಾಬಾದು ನಿಜಾಮರ ಸಲಹೆಗಾರರಾಗಿ ನಮ್ಮ ದೇಶದಲ್ಲೂ ಹೆಸರಾದ ಸರ್ ವಾಲ್ಟರ್ ಮಾಂಕ್ಟನ್ ಅವರೇ ಇದರ ತನಿಖೆ ನಡೆಸಿದರು. ಮಕ್ಕಳ ಪಾಲನೆಯನ್ನು ಕುರಿತ ಕರ್ಟಿಸ್ ಸಮಿತಿಯ ವರದಿ 1946ರಲ್ಲಿ ಬಂತು. 1948ರ ಕಾಯಿದೆಯಿಂದ ಸ್ಥಳೀಯ ಸಂಸ್ಥೆಗಳಲ್ಲಿ ಮಕ್ಕಳ ಸಮಿತಿಯೂ ಮಕ್ಕಳ ಅಧಿಕಾರಿಯೂ ಏರ್ಪಟ್ಟರು. ರೇಡಿಯೋ ಕೇಳುಗರಿಗೆ ಸ್ವಾರಸ್ಯವಾದ ಇನ್ನೊಂದು ವಿಷಯವುಂಟು: ಈ ಪ್ರಕರಣದಿಂದ ಪ್ರೇರಿತರಾಗಿ ಅಗಾಥಾ ಕ್ರಿಸ್ಟಿ ಬರೆದ ನಾಟಕ 1947ರಲ್ಲಿ ಬಿ.ಬಿ.ಸಿ.ಯಿಂದ ಪ್ರಸಾರವಾಯಿತು. ಅದೇ ಮುಂದೆ ‘ಮೌಸ್‌ಟ್ರ್ಯಾಪ್’ ಎಂಬ ಹೆಸರಿನಲ್ಲಿ ರಂಗಕ್ಕೇರಿ ಜಗತ್ಪ್ರಸಿದ್ಧವಾಯಿತು.

ಮೇಲ್ವಿಚಾರಣೆ ಇಲ್ಲದೆ ಆಶ್ರಯವಿಲ್ಲ ಎಂಬುದು ಮೊದಲ ಪಾಠ. ಒಡಹುಟ್ಟಿದವರ ಬಾಂಧವ್ಯಕ್ಕೆ ಕಾನೂನಿನ ಮಾತು ಸಿಕ್ಕಿದ್ದು ತಡವಾಗಿ. ಮಕ್ಕಳ ಹಿತಕ್ಕೆ ಒಪ್ಪುವುದಾದರೆ, ಸಾಧ್ಯವಾದ ಮಟ್ಟಿಗೆ ಅವರನ್ನು ಜೊತೆಯಲ್ಲೇ ಇರಿಸಬೇಕೆಂದು 1989ರ ಕಾಯಿದೆ ವಿಧಿಸಿತು. 2020ರಲ್ಲಿ ಸ್ಕಾಟ್ಲೆಂಡಿನ ಮೊಕದ್ದಮೆಯೊಂದರಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ, ತಾಯಿತಂದೆಯರಿಗಿರುವ ಸಂಪೂರ್ಣ ಸ್ಥಾನ ಅಣ್ಣತಮ್ಮಂದಿರಿಗೆ ಬೇಕಿಲ್ಲವೆಂದರೂ, ಅವರ ಸಂಬಂಧವನ್ನು ಪರಿಗಣಿಸಿ ಅವರ ಮಾತಿಗೂ ಅವಕಾಶ ಕೊಡಬೇಕೆಂದು ಎತ್ತಿಹಿಡಿಯಿತು.

ನಮ್ಮ ದೇಶದ 2015ರ ಬಾಲನ್ಯಾಯ ಕಾಯಿದೆಯ 44ನೆಯ ಕಲಮೂ ಇದನ್ನೇ ಹೇಳುತ್ತದೆ: ಅಗಲಿಸುವುದೇ ಮಕ್ಕಳಿಗೆ ಮೇಲೆಂದು ಕಂಡ ಹೊರತು, ಪೋಷಕ ಕುಟುಂಬದಲ್ಲಿ ಒಡಹುಟ್ಟಿದವರನ್ನು ಒಟ್ಟಿಗೆ ಇರಿಸಲು ಎಲ್ಲ ಪ್ರಯತ್ನವೂ ನಡೆಯಬೇಕು. ಕಲಮು ಒಳ್ಳೆಯದೇ. ಆದರೆ ನ್ಯೂಪೋರ್ಟಿನ ಆಜ್ಞೆಯೂ ಒಳ್ಳೆಯ ಉದ್ದೇಶದ್ದೇ ಆಗಿತ್ತು. ಆ ಮನೆಯ ಬಾಗಿಲು ತಟ್ಟಿ, ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಮಾತನಾಡಿಸುವವರು ಇದ್ದಾಗಲೇ ಇಂಥ ಆಜ್ಞೆ ಸಾರ್ಥಕ.