ಕಾಯಂ ಆಗಲು ಎಷ್ಟು ವರ್ಷ? ಬ್ರಿಟನ್ ವೀಸಾ ನಿಯಮಗಳ ಅರವತ್ತು ವರ್ಷದ ಕಥೆ

1965ರಲ್ಲಿ ಭಾರತದ ವೈದ್ಯರೊಬ್ಬರು ಕೆಲಸದ ವೋಚರ್ ಹಿಡಿದು ಲಂಡನ್ನಿನಲ್ಲಿ ಇಳಿದಿದ್ದರೆ, ಅಲ್ಲಿ ಕಾಯಂ ಆಗಿ ನೆಲೆಸಲು ಒಂದು ದಿನವೂ ಕಾಯಬೇಕಿರಲಿಲ್ಲ. 1973ರ ನಂತರ ಕೆಲಸಕ್ಕೆ ಹೋದವರು 4 ವರ್ಷ ಕಾಯಬೇಕಾಯಿತು. 2006ರಲ್ಲಿ ಅದು 5 ವರ್ಷ ಆಯಿತು. 2025ರಲ್ಲಿ 10 ವರ್ಷದ ಪ್ರಸ್ತಾವ ಬಂತು. ಕೆಲವರಿಗೆ 15.

ವಿದೇಶಿ ವೀಸಾ ನಿಯಮ ಬದಲಾದಾಗ ನಾವು ಪತ್ರಿಕೆಯವರು ಬರೆಯುವುದು ಹೆಚ್ಚಾಗಿ ಒಂದೇ ವಿಷಯ: ಇನ್ನು ಮುಂದೆ ಯಾರು ಹೋಗಬಹುದು, ಯಾರು ಹೋಗುವಂತಿಲ್ಲ. ಅದರಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ ಕಾಲಂನ ತುದಿಗೆ ಸರಿದು ಬಿಡುತ್ತದೆ. ಹಳೆಯ ನಿಯಮ ನಂಬಿ, ಮನೆ ಮಠ ಬಿಟ್ಟು, ಸಾಲ ಮಾಡಿ ಹೋದವರ ಗತಿ ಏನು? ಬ್ರಿಟನ್ನಿನಲ್ಲಿ ಈ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ, ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಆ ಕಥೆಯನ್ನು ಮೊದಲಿನಿಂದ ನೋಡೋಣ.

1948ರ ಬ್ರಿಟಿಷ್ ರಾಷ್ಟ್ರೀಯತಾ ಕಾಯ್ದೆಯ ಪ್ರಕಾರ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಬ್ರಿಟನ್ನಿಗೆ ಹೋಗಿ ನೆಲೆಸಲು, ದುಡಿಯಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಭಾರತೀಯರಿಗೂ ಇದು ಅನ್ವಯಿಸುತ್ತಿತ್ತು. ಈ ಬಾಗಿಲಿಗೆ ಮೊದಲ ಬಾರಿ ಚಿಲಕ ಬಿದ್ದದ್ದು 1962ರ ಜುಲೈ 1ರಂದು, ಕಾಮನ್‌ವೆಲ್ತ್ ವಲಸಿಗರ ಕಾಯ್ದೆಯ ಮೂಲಕ. ಅಲ್ಲಿಂದ ಮುಂದೆ ಕೆಲಸಕ್ಕೆ ಬರುವವರಿಗೆ ಕಾರ್ಮಿಕ ಸಚಿವಾಲಯದ ವೋಚರ್ ಬೇಕಾಯಿತು. ಅದರಲ್ಲಿ ಮೂರು ವಿಧ. ಮೊದಲೇ ಕೆಲಸ ಗೊತ್ತಾಗಿದ್ದವರಿಗೆ 'ಎ'. ವೈದ್ಯರು, ನರ್ಸ್‌ಗಳು, ಶಿಕ್ಷಕರಂತೆ ಬೇಡಿಕೆಯ ವಿದ್ಯೆ ಇದ್ದವರಿಗೆ 'ಬಿ'. ಉಳಿದವರಿಗೆ 'ಸಿ'. 1964ರಲ್ಲೇ 'ಸಿ' ನಿಂತುಹೋಯಿತು. 1965ರಲ್ಲಿ ವರ್ಷಕ್ಕೆ 8,500 ವೋಚರ್ ಎಂಬ ಮಿತಿ ಬಂತು, ಅದರಲ್ಲಿ 1,000 ಮಾಲ್ಟಾ ದೇಶಕ್ಕೇ ಮೀಸಲು.

ಅಂದರೆ 'ಕುಶಲ ಕೆಲಸಗಾರ ಬೇಕು, ಉಳಿದವರು ಬೇಡ' ಎಂಬ ಇಂದಿನ ನೀತಿ ಶುರುವಾದದ್ದು ಆಗಲೇ. ಆದರೂ ಒಂದು ದೊಡ್ಡ ವ್ಯತ್ಯಾಸ ಇತ್ತು. ವೋಚರ್ ಇದ್ದವರಿಗೆ ಅವಧಿಯ ಷರತ್ತು ಹಾಕುವಂತಿಲ್ಲ ಎಂದು ಕಾಯ್ದೆಯೇ ಹೇಳಿತ್ತು. ಒಳಗೆ ಬಿಟ್ಟ ಮೇಲೆ ಬಿಟ್ಟ ಹಾಗೆ. ಮಾಲೀಕನನ್ನು ಬದಲಿಸಿದರೂ, ಕೆಲಸ ಹೋದರೂ ದೇಶ ಬಿಡಬೇಕಿರಲಿಲ್ಲ.

1971ರ ವಲಸೆ ಕಾಯ್ದೆ ಇದನ್ನು ಮುಗಿಸಿತು. 1973ರ ಜನವರಿ 1ರಿಂದ ವೋಚರ್ ಹೋಗಿ ವರ್ಕ್ ಪರ್ಮಿಟ್ ಬಂತು. ಪರ್ಮಿಟ್ ಸಿಗುತ್ತಿದ್ದುದು ಇಂಥ ಮಾಲೀಕ, ಇಂಥ ಕೆಲಸ ಎಂದು ನಿಗದಿಯಾಗಿ. ಮೊದಲಿಗೆ 12 ತಿಂಗಳು, ಆಮೇಲೆ ವಿಸ್ತರಣೆ. 4 ವರ್ಷ ಹಾಗೆ ದುಡಿದ ಮೇಲೆ ಕಾಯಂ ವಾಸಕ್ಕೆ ಅರ್ಜಿ. ಕೆಲಸಗಾರನ ದೇಶವಾಸ ಮಾಲೀಕನ ಕೈಗೆ ಹೋದದ್ದು ಇಲ್ಲಿಂದ. ಇವತ್ತಿಗೂ ಅದು ಅಲ್ಲೇ ಇದೆ, ಹೆಸರು ಮಾತ್ರ ಸ್ಪಾನ್ಸರ್‌ಶಿಪ್ ಎಂದಾಗಿದೆ.

ನಡುವೆ ಒಂದು ಪ್ರಯೋಗ ನಡೆಯಿತು. 2002ರ ಜನವರಿಯಲ್ಲಿ ಬ್ರಿಟನ್ 'ಹೈಲಿ ಸ್ಕಿಲ್ಡ್ ಮೈಗ್ರೆಂಟ್ ಪ್ರೋಗ್ರಾಂ' ಆರಂಭಿಸಿತು. ಇದಕ್ಕೆ ಮಾಲೀಕರೇ ಬೇಕಿರಲಿಲ್ಲ. ಓದು, ಅನುಭವ, ಹಿಂದಿನ ಸಂಪಾದನೆಗೆ ಅಂಕ ಕೊಟ್ಟು ವೀಸಾ ಕೊಡುತ್ತಿದ್ದರು. ಭಾರತದ ಎಂಜಿನಿಯರುಗಳು, ವೈದ್ಯರು, ಲೆಕ್ಕಪರಿಶೋಧಕರು ಈ ದಾರಿಯಲ್ಲಿ ಹೋದರು. ಬ್ರಿಟನ್ನನ್ನೇ ತಮ್ಮ ಮುಖ್ಯ ಮನೆ ಮಾಡಿಕೊಳ್ಳಲು ಸಿದ್ಧ ಎಂದು ಅರ್ಜಿದಾರರು ಹೇಳಬೇಕಿತ್ತು. ಹಾಗಾಗಿ ಊರಿನ ಕೆಲಸ ಬಿಟ್ಟು, ಮನೆ ಮಾರಿ ಹೋದವರೂ ಇದ್ದರು. ಸರ್ಕಾರದ ಮಾರ್ಗದರ್ಶಿ ಪುಸ್ತಿಕೆಯೂ ಒಂದು ಭರವಸೆ ಕೊಟ್ಟಿತ್ತು: ಮುಂದೆ ಯೋಜನೆ ಪರಿಷ್ಕರಣೆ ಆದರೂ ಈಗಾಗಲೇ ಒಳಗೆ ಬಂದವರಿಗೆ ತೊಂದರೆ ಇಲ್ಲ, 4 ವರ್ಷ ಆದ ಮೇಲೆ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು.

2006ರಲ್ಲಿ ಆ ಭರವಸೆ ಎರಡು ಸಲ ಮುರಿಯಿತು. ಏಪ್ರಿಲ್‌ನಲ್ಲಿ ಕಾಯುವ ಅವಧಿ 4ರಿಂದ 5 ವರ್ಷಕ್ಕೆ ಏರಿತು. ವರ್ಷದ ಕೊನೆಯಲ್ಲಿ ವೀಸಾ ವಿಸ್ತರಣೆಗೆ ಹೊಸ ಅಂಕಪಟ್ಟಿ ಬಂತು. ಮೊದಲು ದುಡಿಯುತ್ತಿದ್ದೇನೆ ಅಥವಾ ಕೆಲಸಕ್ಕೆ ತಕ್ಕ ಪ್ರಯತ್ನ ಮಾಡಿದ್ದೇನೆ ಎಂದು ತೋರಿಸಿದರೆ ಸಾಕಿತ್ತು. ಈಗ ಪದವಿ, ಸಂಬಳ, ವಯಸ್ಸು ಎಲ್ಲಕ್ಕೂ ಅಂಕ. 32 ದಾಟಿದವರಿಗೆ ವಯಸ್ಸಿನ ಅಂಕ ಸೊನ್ನೆ. ಪರೀಕ್ಷೆ ಪಾಸಾಗಿ ಒಳಗೆ ಹೋಗಿದ್ದವರನ್ನು ಮತ್ತೆ ಕೂರಿಸಿ, ಬೇರೆ ಪ್ರಶ್ನೆಪತ್ರಿಕೆ ಕೊಟ್ಟ ಹಾಗಾಯಿತು.

ಕೆಪಿಎಸ್‌ಸಿ ಪರೀಕ್ಷೆಗೆ ಓದಿದವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. ಆಟದ ನಡುವೆ ನಿಯಮ ಬದಲಿಸಬಾರದು ಎಂಬ ಮಾತು ನಮ್ಮ ನೇಮಕಾತಿ ವ್ಯಾಜ್ಯಗಳಲ್ಲಿ ಹಳೆಯದು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಕೂಡ ಅದನ್ನೇ ಹೇಳಿತು. ನೇಮಕಾತಿ ಶುರುವಾದ ಮೇಲೆ ಅರ್ಹತೆಯ ನಿಯಮವನ್ನು ನಡುವೆ ಬದಲಿಸುವಂತಿಲ್ಲ, ಮೂಲ ನಿಯಮ ಅಥವಾ ಅಧಿಸೂಚನೆಯಲ್ಲೇ ಅವಕಾಶ ಇದ್ದರೆ ಮಾತ್ರ ಬೇರೆ ಮಾತು.

ಬ್ರಿಟನ್ನಿನಲ್ಲಿ ವಲಸಿಗರು 'ಎಚ್‌ಎಸ್‌ಎಂಪಿ ಫೋರಂ' ಹೆಸರಿನಲ್ಲಿ ಒಟ್ಟಾಗಿ ಕೇಸು ಹಾಕಿದರು. 2008ರ ಏಪ್ರಿಲ್ 8ರಂದು ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಒಳಗೆ ಬಂದವರಿಗೆ ಸರ್ಕಾರ ಒಂದು ನ್ಯಾಯಬದ್ಧ ನಿರೀಕ್ಷೆ ಹುಟ್ಟಿಸಿದೆ, ಹೊಸ ಅಂಕಪಟ್ಟಿಯನ್ನು ಅವರ ಮೇಲೆ ಹೇರುವುದು ಕಾನೂನುಬಾಹಿರ ಎಂದಿತು. ಮರುವರ್ಷ, 2009ರ ಏಪ್ರಿಲಿನಲ್ಲಿ, 2006ರ ಏಪ್ರಿಲ್ 3ಕ್ಕೂ ಮುಂಚೆ ಈ ಯೋಜನೆಯಲ್ಲಿ ಬಂದವರಿಗೆ 4 ವರ್ಷದ ಹಳೆಯ ಲೆಕ್ಕವೇ ಅನ್ವಯ ಎಂದು ಎರಡನೇ ತೀರ್ಪು ಬಂತು. ಇವೆರಡರ ನಡುವೆ, 2008ರ ಏಪ್ರಿಲ್ ಕೊನೆಯಲ್ಲಿ, ಭಾರತೀಯ ಮೂಲದ ವೈದ್ಯರ ಸಂಘ 'ಬಾಪಿಯೊ' ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಗೆದ್ದಿತು. ಈ ಯೋಜನೆಯಲ್ಲಿ ಬಂದಿದ್ದ ವೈದ್ಯರನ್ನು ತರಬೇತಿ ಹುದ್ದೆಗಳ ಸಾಲಿನಲ್ಲಿ ಯುರೋಪಿನವರ ಹಿಂದೆ ನಿಲ್ಲಿಸುವ ಆರೋಗ್ಯ ಇಲಾಖೆಯ ಸೂಚನೆ ಅಲ್ಲಿ ಬಿದ್ದುಹೋಯಿತು.

ಹಾಗಂತ ಕೋರ್ಟು ಯಾವಾಗಲೂ ವಲಸಿಗರ ಕೈ ಹಿಡಿಯುತ್ತದೆ ಎಂದುಕೊಳ್ಳುವಂತಿಲ್ಲ. ನೈಜೀರಿಯಾದ ವೈದ್ಯೆಯೊಬ್ಬರು 2006ರ ಜನವರಿಯಲ್ಲಿ ಅಂದಿನ ನಿಯಮದಂತೆ ವಿಸ್ತರಣೆಗೆ ಅರ್ಜಿ ಹಾಕಿದ್ದರು. ಅರ್ಜಿ ಅಧಿಕಾರಿಯ ಮೇಜಿನ ಮೇಲಿದ್ದಾಗಲೇ ಏಪ್ರಿಲಿನಲ್ಲಿ ನಿಯಮ ಬದಲಾಗಿ ಅರ್ಜಿ ತಿರಸ್ಕಾರವಾಯಿತು. 2009ರ ಮೇ ತಿಂಗಳಲ್ಲಿ ಹೌಸ್ ಆಫ್ ಲಾರ್ಡ್ಸ್ ಅವರ ಮೇಲ್ಮನವಿಯನ್ನು ವಜಾ ಮಾಡಿತು. ಅರ್ಜಿ ಹಾಕಿದ ದಿನದ ನಿಯಮವಲ್ಲ, ತೀರ್ಮಾನ ಮಾಡುವ ದಿನದ ನಿಯಮವೇ ಅನ್ವಯ ಎಂದಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಫೋರಂ ಗೆದ್ದದ್ದು ಅನ್ಯಾಯ ಆಯಿತು ಎಂಬ ಒಂದೇ ಕಾರಣಕ್ಕಲ್ಲ. ಸರ್ಕಾರವೇ ಬರೆದು ಕೊಟ್ಟಿದ್ದ ಭರವಸೆ ಅವರ ಕೈಯಲ್ಲಿತ್ತು.

ಈಗಿನ 'ಸ್ಕಿಲ್ಡ್ ವರ್ಕರ್' ವೀಸಾ ಬಂದದ್ದು 2020ರ ಡಿಸೆಂಬರಿನಲ್ಲಿ. ಬ್ರೆಕ್ಸಿಟ್‌ನಿಂದ ಯುರೋಪಿನ ಕೆಲಸಗಾರರ ಮುಕ್ತ ಓಡಾಟ ನಿಲ್ಲುವುದರಲ್ಲಿತ್ತು, ಆಸ್ಪತ್ರೆಗಳಲ್ಲಿ ಕೈಗಳು ಸಾಲುತ್ತಿರಲಿಲ್ಲ. ಸಾಮಾನ್ಯ ಸಂಬಳದ ಮಿತಿ ವರ್ಷಕ್ಕೆ 25,600 ಪೌಂಡ್, ನಮ್ಮ ಪಿಯುಸಿ ಮಟ್ಟದ ಕೆಲಸಗಳಿಗೂ ಅವಕಾಶ. 2022ರ ಫೆಬ್ರವರಿಯಲ್ಲಿ ವೃದ್ಧರನ್ನು, ಅಂಗವಿಕಲರನ್ನು ನೋಡಿಕೊಳ್ಳುವ ಕೇರ್ ವರ್ಕರ್‌ಗಳಿಗೂ ಬಾಗಿಲು ತೆರೆಯಿತು. ಭಾರತದಿಂದ ಹೋದವರಲ್ಲಿ ನರ್ಸಿಂಗ್ ಓದಿಯೂ ಕೇರ್ ವರ್ಕರ್ ಆಗಿ ಹೋದವರಿದ್ದಾರೆ. ಅಲ್ಲಿ ನರ್ಸ್ ಆಗಿ ನೋಂದಣಿ ಮಾಡಿಸಲು ಇಂಗ್ಲಿಷ್ ಪರೀಕ್ಷೆ, ಕೌಶಲ್ಯ ಪರೀಕ್ಷೆ ಎರಡೂ ಪಾಸಾಗಬೇಕು. ಕೇರ್ ಕೆಲಸಕ್ಕೆ ಆ ನೋಂದಣಿ ಬೇಡ.

ತೆರೆದ ಬಾಗಿಲು ಬೇಗನೆ ಮುಚ್ಚಿತು. 2024ರ ಮಾರ್ಚ್ 11ರಿಂದ ಕೇರ್ ವರ್ಕರ್‌ಗಳು ಗಂಡ, ಹೆಂಡತಿ, ಮಕ್ಕಳನ್ನು ಕರೆಸುವಂತಿಲ್ಲ. ಏಪ್ರಿಲ್‌ನಲ್ಲಿ ಸಾಮಾನ್ಯ ಸಂಬಳದ ಮಿತಿ 38,700 ಪೌಂಡ್‌ಗೆ, 2025ರ ಜುಲೈ 22ರಂದು 41,700ಕ್ಕೆ ಏರಿತು. ಅದೇ ದಿನದಿಂದ ಪದವಿ ಮಟ್ಟದ ಕೆಲಸಗಳಿಗಷ್ಟೇ ಸಾಮಾನ್ಯ ಅವಕಾಶ, ಹೊರದೇಶದಿಂದ ಹೊಸ ಕೇರ್ ವರ್ಕರ್ ನೇಮಕ ಬಂದ್. ಅಷ್ಟರಲ್ಲಿ ಸ್ಪಾನ್ಸರ್‌ಗಳ ಕಥೆಯೂ ಹೊರಬಿದ್ದಿತ್ತು. 2022ರ ಜುಲೈನಿಂದ 2024ರ ಡಿಸೆಂಬರ್‌ವರೆಗೆ ಕೇರ್ ಕ್ಷೇತ್ರದ 470ಕ್ಕೂ ಹೆಚ್ಚು ಸ್ಪಾನ್ಸರ್ ಲೈಸೆನ್ಸ್ ರದ್ದಾದವು ಎಂದು ಬ್ರಿಟನ್ ಸರ್ಕಾರವೇ ಹೇಳಿದೆ. ಅವುಗಳ ಜೊತೆ ಹೆಸರು ತಗುಲಿಕೊಂಡಿದ್ದ ಕೆಲಸಗಾರರು 39,000ಕ್ಕೂ ಹೆಚ್ಚು. ತಪ್ಪು ಮಾಲೀಕನದ್ದಾದರೂ ಕೆಲಸಗಾರನಿಗೆ ಸಿಗುವುದು ಸಾಮಾನ್ಯವಾಗಿ 60 ದಿನ. ಅಷ್ಟರಲ್ಲಿ ಹೊಸ ಸ್ಪಾನ್ಸರ್ ಸಿಗಬೇಕು, ಇಲ್ಲವೇ ದೇಶ ಬಿಡಬೇಕು.

2025ರ ನವೆಂಬರಿನಲ್ಲಿ ಗೃಹ ಸಚಿವೆ ಶಬಾನಾ ಮಹಮೂದ್ ಮಂಡಿಸಿದ ಪ್ರಸ್ತಾವ ಕಾಯಂ ವಾಸದ ಸಾಮಾನ್ಯ ಅವಧಿಯನ್ನು 10 ವರ್ಷ ಎಂದಿತು. ಸರ್ಕಾರಿ ಆರೋಗ್ಯ ಸೇವೆಯ ವೈದ್ಯರು, ನರ್ಸ್‌ಗಳಿಗೆ 5 ವರ್ಷ. ಪದವಿ ಮಟ್ಟಕ್ಕಿಂತ ಕೆಳಗಿನ ಕೆಲಸದವರಿಗೆ, ಅಂದರೆ ಕೇರ್ ವರ್ಕರ್‌ಗಳಿಗೂ, 15 ವರ್ಷ. ಈಗಾಗಲೇ ಅಲ್ಲಿದ್ದು ಇನ್ನೂ ಕಾಯಂ ಆಗದವರಿಗೂ ಇದನ್ನು ಅನ್ವಯಿಸುವ ಮಾತು ಆ ಪ್ರಸ್ತಾವದಲ್ಲೇ ಇತ್ತು. ನಮ್ಮ ಸರ್ಕಾರಿ ಆದೇಶಗಳ ಭಾಷೆಯಲ್ಲಿ ಹೇಳುವುದಾದರೆ, ಪೂರ್ವಾನ್ವಯ. 2022ರಲ್ಲಿ 5 ವರ್ಷದ ಲೆಕ್ಕ ಹಾಕಿ ಹೋದ ಹೆಣ್ಣುಮಗಳೊಬ್ಬಳಿಗೆ 2027 ಎಂಬುದು 2037 ಆಗುತ್ತದೆ. ಅವಳು ಊರಿನಲ್ಲಿ ಬಿಟ್ಟು ಹೋದ ಮಗುವಿಗೆ ಅಷ್ಟರಲ್ಲಿ ಮೀಸೆ ಬಂದಿರುತ್ತದೆ.

ಮಂಗಳೂರು, ಬೆಂಗಳೂರು, ಕಲಬುರಗಿಯ ಕಾಲೇಜುಗಳಲ್ಲಿ ನರ್ಸಿಂಗ್ ಓದುತ್ತಿರುವವರ ಮನೆಗಳಿಗೆ ಈ ಇತಿಹಾಸದಲ್ಲಿ ಒಂದು ಪಾಠ ಇದೆ. ಏಜೆಂಟರು ಹೇಳುವುದು ಹೋಗುವ ದಿನದ ನಿಯಮ. ಕಾಯಂ ಆಗುವ ದಿನದ ನಿಯಮವನ್ನು ಯಾವ ಏಜೆಂಟನೂ ಬರೆದು ಕೊಡಲಾರ. ಯಾವ ಹುದ್ದೆಯ ಹೆಸರಿನಲ್ಲಿ ವೀಸಾ ಸಿಗುತ್ತಿದೆ, ನರ್ಸ್ ಎಂದೋ ಕೇರ್ ವರ್ಕರ್ ಎಂದೋ, ಅದನ್ನು ಹಣ ಕಟ್ಟುವ ಮುಂಚೆ ಕಾಗದದಲ್ಲೇ ನೋಡಬೇಕು. ಪ್ರಸ್ತಾವದ ಲೆಕ್ಕದಲ್ಲಿ ಆ ಒಂದು ಪದದ ಬೆಲೆ 10 ವರ್ಷ. ಸರ್ಕಾರದ ಕಡೆಯಿಂದ ಬಂದ ಪ್ರತಿ ಪತ್ರ, ಪ್ರತಿ ಮಾರ್ಗದರ್ಶಿಯ ಪ್ರತಿಯನ್ನೂ ಜೋಪಾನ ಮಾಡಬೇಕು. 2008ರಲ್ಲಿ ಅಷ್ಟು ಜನರನ್ನು ಕಾಪಾಡಿದ್ದು ಅಂಥದ್ದೇ ಒಂದು ಪುಸ್ತಿಕೆಯ ನಾಲ್ಕು ಸಾಲು.